ಟೀನ್ ಪ್ರೇಮಕಥೆಯ ಗ್ರಾಫಿಕ್ ಕಾದಂಬರಿ: ಮೊದಲ ಪುಟಗಳಲ್ಲೇ ನಾವು ಸಿಕ್ಕಿಬೀಳುವುದು ಹೇಗೆ? (ಪದೇ ಪದೇ ಕೇಳುವ ಪ್ರಶ್ನೆಗಳು)

ಹೈಸ್ಕೂಲು, ಪಿಯುಸಿ ವಯಸ್ಸಿನವರ ಪ್ರೀತಿಯನ್ನು ಚಿತ್ರಗಳಲ್ಲಿ ಹೇಳುವ ಪುಸ್ತಕಗಳು ಈಗ ನಮ್ಮೂರ ಅಂಗಡಿಗಳಲ್ಲೂ ರಾಶಿ ರಾಶಿ ಸಿಗುತ್ತವೆ. ಓದುವವರು, ಬರೆಯಬೇಕು ಅಂದುಕೊಂಡವರು, ಮಕ್ಕಳ ಕೈಯಲ್ಲಿ ಇವನ್ನು ನೋಡಿದ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಹೆಚ್ಚಿನ ಉದಾಹರಣೆಗಳು ಆಲಿಸ್ ಓಸ್‌ಮನ್ ಅವರ ‘ಹಾರ್ಟ್‌ಸ್ಟಾಪರ್’ ಪುಸ್ತಕದ್ದು. ಕಥೆ ಶುರು ಮಾಡುವ ಕೆಲಸವನ್ನು ಅಷ್ಟು ಸದ್ದಿಲ್ಲದೆ, ಅಷ್ಟು ಚೆನ್ನಾಗಿ ಮಾಡಿದ ಪುಸ್ತಕ ಕಡಿಮೆ.

ಮೊದಲ ಪುಟಗಳು ಅಂದರೆ ಎಷ್ಟು ಪುಟ?

ನನ್ನ ಲೆಕ್ಕದಲ್ಲಿ ಹತ್ತು ಹನ್ನೆರಡು. ಮಾತು ಕಡಿಮೆ ಇರುವ ಚಿತ್ರಪುಟ ಓದುವುದಕ್ಕೆ ಅರ್ಧ ನಿಮಿಷವೂ ಬೇಡ. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಯಲ್ಲಿ ನಿಂತಲ್ಲೇ ಅಷ್ಟು ಪುಟ ಓದಿ ಮುಗಿಯುತ್ತದೆ. ಆ ಹೊತ್ತಿಗೆ ಕೈ ಪುಸ್ತಕವನ್ನು ಶೆಲ್ಫಿಗೆ ವಾಪಸ್ ಇಡುತ್ತದೆ, ಇಲ್ಲವೇ ಬಿಲ್ಲಿನ ಕಡೆ ಹೋಗುತ್ತದೆ. ಬರೀ ಅಕ್ಷರದ ಕಾದಂಬರಿಗೆ ಓದುಗರು ಒಂದು ಅಧ್ಯಾಯದಷ್ಟು ಸಮಯ ಕೊಡುತ್ತಾರೆ. ಇಲ್ಲಿ ಅಷ್ಟು ಸಿಗುವುದಿಲ್ಲ.

ಆ ಹನ್ನೆರಡು ಪುಟದಲ್ಲಿ ನಮ್ಮನ್ನು ಹಿಡಿದು ಕೂರಿಸುವುದು ಏನು? ಪ್ರೀತಿಯೇ ತಾನೇ?

ಪ್ರೀತಿ ಆಮೇಲೆ. ಮೊದಲು ಬರಬೇಕಾದ್ದು ಅಕ್ಕರೆ, ಅದೂ ಒಬ್ಬರ ಮೇಲೆ. ಎದುರಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಆ ಒಬ್ಬರ ಬಗ್ಗೆ ನಮಗೆ ಗೊತ್ತಾಗಬೇಕು. ಅವರು ಯಾರ ಹತ್ತಿರವೂ ಹೇಳದ ನೋವೋ, ಎಲ್ಲರ ಮುಂದೆ ನುಂಗಿಕೊಂಡ ಅವಮಾನವೋ, ಊಟದ ಬಿಡುವಿನಲ್ಲಿ ಒಬ್ಬರೇ ಕೂರುವ ಜಾಗವೋ. ಅದನ್ನು ನೋಡಿಬಿಟ್ಟ ಮೇಲೆ ನಾವು ಅವರ ಪಕ್ಷ. ಆಗ ಬಾಗಿಲಿನಿಂದ ಇನ್ನೊಬ್ಬರು ಒಳಗೆ ಬಂದರೆ ಸಾಕು, ‘ಇವರಾದರೂ ಇವನನ್ನು ಸರಿಯಾಗಿ ನೋಡಿಕೊಳ್ಳುತ್ತಾರಾ?’ ಅನ್ನುವ ಪ್ರಶ್ನೆ ತಾನಾಗಿ ಏಳುತ್ತದೆ. ನಾವು ಪುಟ ತಿರುಗಿಸುವುದು ಆ ಪ್ರಶ್ನೆಗೆ.

ಇಬ್ಬರು ಸುಂದರ ಹುಡುಗ ಹುಡುಗಿಯರನ್ನು ಮೊದಲ ಪುಟದಲ್ಲಿ ಎದುರುಬದುರು ನಿಲ್ಲಿಸಿ, ಗಾಳಿಯಲ್ಲಿ ಕೂದಲು ಹಾರಿಸಿದರೆ ಚಿತ್ರ ಚೆನ್ನಾಗಿರುತ್ತದೆ, ನಿಜ. ಆದರೆ ಅವರು ಯಾರೋ, ನಾವು ಯಾರೋ. ಅವರು ಒಂದಾದರೂ ಬಿಟ್ಟರೂ ನಮಗೇನು?

‘ಹಾರ್ಟ್‌ಸ್ಟಾಪರ್’ ಇದನ್ನು ಹೇಗೆ ಮಾಡುತ್ತದೆ?

ಕಥೆ ನಡೆಯುವುದು ಇಂಗ್ಲೆಂಡಿನ ಒಂದು ಹುಡುಗರ ಶಾಲೆಯಲ್ಲಿ. ಹೆಸರು ಟ್ರೂಹ್ಯಾಮ್ ಗ್ರಾಮರ್ ಸ್ಕೂಲ್. ಅದು ಕಲ್ಪನೆಯ ಶಾಲೆ. ಜನವರಿ, ಕ್ರಿಸ್‌ಮಸ್ ರಜೆ ಮುಗಿದು ಶಾಲೆ ಮತ್ತೆ ಶುರುವಾಗಿದೆ. ಚಾರ್ಲಿ ಸ್ಪ್ರಿಂಗ್ ‘ಇಯರ್ 10’, ಅಂದರೆ ಅಲ್ಲಿನ ಹತ್ತನೇ ತರಗತಿಯವನು, ನಿಕ್ ನೆಲ್ಸನ್ ಹನ್ನೊಂದನೆಯವನು. ಹಾಜರಿ ತೆಗೆದುಕೊಳ್ಳುವ ಗುಂಪಿನಲ್ಲಿ ಬೇರೆ ಬೇರೆ ತರಗತಿಯವರನ್ನು ಸೇರಿಸಿ ಕೂರಿಸುವ ಪದ್ಧತಿ ಅಲ್ಲಿದೆ. ಹಾಗೆ ಇವರಿಬ್ಬರೂ ಅಕ್ಕಪಕ್ಕ ಬರುತ್ತಾರೆ. ಇಬ್ಬರೂ ಆರಿಸಿಕೊಂಡದ್ದಲ್ಲ, ಟೀಚರ್ ಕೂರಿಸಿದ್ದು.

ಚಾರ್ಲಿಗೆ ಹುಡುಗರು ಇಷ್ಟ ಅನ್ನುವುದು ಹಿಂದಿನ ವರ್ಷವೇ ಇಡೀ ಶಾಲೆಗೆ ಗೊತ್ತಾಗಿದೆ. ಅದಕ್ಕಾಗಿ ಅವನು ಸಾಕಷ್ಟು ಕಾಟ ತಿಂದಿದ್ದಾನೆ. ನಿಕ್ ಜೊತೆ ಸ್ನೇಹ ಬೆಳೆಯುವ ಮುಂಚೆಯೇ ಅವನ ಬದುಕಿನಲ್ಲಿ ಬೆನ್ ಅನ್ನುವ ಹುಡುಗ ಇದ್ದಾನೆ. ಬೆನ್ ಯಾರೂ ಇಲ್ಲದ ಕಡೆ ಚಾರ್ಲಿಯನ್ನು ಕರೆದು ಮುತ್ತಿಡುತ್ತಾನೆ, ನಾಲ್ಕು ಜನರ ಮುಂದೆ ಅವನ ಗುರುತೇ ಇಲ್ಲದವನ ಹಾಗೆ ನಡೆದುಹೋಗುತ್ತಾನೆ. ಇದನ್ನು ನೋಡಿದ ಓದುಗರಿಗೆ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ. ಒಬ್ಬನನ್ನು ಕದ್ದುಮುಚ್ಚಿ ಇಟ್ಟುಕೊಂಡರೆ ಅವನಿಗೆ ಏನನ್ನಿಸುತ್ತದೆ ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಗ್ಗಿದ ಭುಜ ಹೇಳುತ್ತದೆ.

ಇದಾದ ಮೇಲೆ ನಿಕ್ ಪಕ್ಕದಲ್ಲಿ ಕೂತು ‘ಹಾಯ್’ ಅನ್ನುತ್ತಾನೆ. ಎಲ್ಲರ ಎದುರಿಗೆ, ಸಹಜವಾಗಿ. ಬೆನ್ ಕೊಡದೇ ಇದ್ದದ್ದೂ ಇದೇ ಅಲ್ವಾ? ಹಾಗಾಗಿ ಅಷ್ಟು ಚಿಕ್ಕ ಮಾತು ಓದುಗರ ಎದೆಗೆ ತಾಗುತ್ತದೆ. ಇದೇ ‘ಹಾಯ್’ ಬೆನ್ ಇಲ್ಲದ ಕಥೆಯಲ್ಲಿ ಬಂದಿದ್ದರೆ ಯಾರೂ ಗಮನಿಸುತ್ತಿರಲಿಲ್ಲ. ದಿನ ಕಳೆದಂತೆ ಅದೇ ಮಾತು ಮತ್ತೆ ಬರುತ್ತದೆ, ಚಿತ್ರದಲ್ಲಿ ಮುಖ ಮಾತ್ರ ಸ್ವಲ್ಪ ಸ್ವಲ್ಪ ಅರಳುತ್ತದೆ. ಸ್ನೇಹ ಬೆಳೆಯಿತು ಅನ್ನುವುದನ್ನು ಹೇಳಲು ಕಾದಂಬರಿಕಾರರಿಗೆ ಒಂದು ಪ್ಯಾರಾ ಬೇಕು. ಇಲ್ಲಿ ಒಂದೇ ಮಾತು, ನಾಲ್ಕಾರು ಚೌಕ (ಪುಟದಲ್ಲಿ ಗೆರೆ ಹಾಕಿ ಬೇರೆ ಮಾಡಿದ ಒಂದೊಂದು ಚಿತ್ರ).

ಅದು ಮೊದಲು ಅಂತರ್ಜಾಲದಲ್ಲಿ ಬಂದದ್ದಂತೆ. ಅದರಿಂದ ಶುರುವಿನ ಮೇಲೆ ಪರಿಣಾಮ ಆಯಿತಾ?

ಖಂಡಿತ ಆಯಿತು. ಓಸ್‌ಮನ್ 2016ರಲ್ಲಿ ಇದನ್ನು ಟಂಬ್ಲರ್ ಮತ್ತು ತಪಾಸ್ ಅನ್ನುವ ವೆಬ್‌ಸೈಟುಗಳಲ್ಲಿ ಪುಟ ಪುಟವಾಗಿ ಹಾಕಲು ಶುರು ಮಾಡಿದರು. 2018ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಓದುಗರಿಂದಲೇ ಹಣ ಸೇರಿಸಿ ಮೊದಲ ಸಂಪುಟ ಅಚ್ಚು ಹಾಕಿಸಿದರು. 2019ರಲ್ಲಿ ಹಾಶೆಟ್ ಪ್ರಕಾಶನ ಅದನ್ನು ಹೊರತಂದಿತು. 2022ರಲ್ಲಿ ನೆಟ್‌ಫ್ಲಿಕ್ಸ್ ಸರಣಿ ಬಂತು.

ವಾರಪತ್ರಿಕೆಯ ಧಾರಾವಾಹಿ ಓದಿ ಬೆಳೆದವರಿಗೆ ಇದರ ಗುಟ್ಟು ಗೊತ್ತಿರುತ್ತದೆ. ಕೆಲವೇ ಪುಟ ಹಾಕಿ ಮುಂದಿನ ಕಂತಿಗೆ ಕಾಯಿಸಬೇಕು ಅಂದರೆ, ಪ್ರತಿ ಕಂತೂ ಏನಾದರೊಂದು ಸಣ್ಣ ಕುತೂಹಲದಲ್ಲಿ ನಿಲ್ಲಬೇಕು. ಒಂದು ನೋಟ, ಅರ್ಧಕ್ಕೆ ನಿಂತ ಮಾತು, ಇನ್ನೂ ಕಳಿಸದ ಮೆಸೇಜ್. ಹೀಗೆ ಕಟ್ಟಿದ ಪುಟಗಳನ್ನು ಒಟ್ಟಿಗೆ ಹೊಲಿದಾಗ ಪುಸ್ತಕದುದ್ದಕ್ಕೂ ಸಣ್ಣ ಸಣ್ಣ ಕೊಕ್ಕೆಗಳು ಉಳಿದುಬಿಡುತ್ತವೆ. ಒಂದೇ ಕೂತಲ್ಲಿ ಓದಿ ಮುಗಿಸಿದೆ ಅಂತ ಎಷ್ಟೋ ಜನ ಹೇಳುವುದಕ್ಕೆ ಇದೇ ಕಾರಣ ಅಂತ ನನ್ನ ನಂಬಿಕೆ.

ಪುಟ ತಿರುಗಿಸುವುದಕ್ಕೂ ಕಥೆಗೂ ಅಷ್ಟೊಂದು ಸಂಬಂಧ ಇದೆಯಾ?

ಇದೆ. ನನಗೆ ಈ ಕಲೆಯಲ್ಲಿ ತುಂಬಾ ಇಷ್ಟವಾದ ಭಾಗವೇ ಇದು.

ಪುಸ್ತಕವನ್ನು ಬಿಡಿಸಿ ಹಿಡಿದಾಗ ಎಡ ಪುಟ, ಬಲ ಪುಟ ಎರಡೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಎಡಗಡೆ ಮಾತು ಓದುತ್ತಿರುವಾಗಲೇ ಬಲಗಡೆಯ ದೊಡ್ಡ ಚಿತ್ರ ಓರೆಗಣ್ಣಿಗೆ ಕಂಡುಹೋಗಿರುತ್ತದೆ. ಹಾಗಾಗಿ ಆಶ್ಚರ್ಯವನ್ನು ಬಲ ಪುಟದಲ್ಲಿ ಬಚ್ಚಿಡಲು ಆಗುವುದಿಲ್ಲ. ಬಚ್ಚಿಡುವ ಜಾಗ ಒಂದೇ, ಹಾಳೆಯ ಹಿಂದುಗಡೆ. ಬಲ ಪುಟದ ಕೊನೆಯ ಚೌಕದಲ್ಲಿ ಪ್ರಶ್ನೆ, ಹಾಳೆ ಮಗುಚಿದ ಕೂಡಲೇ ಎಡ ಪುಟದಲ್ಲಿ ಉತ್ತರ.

ಈಗ ಒಂದು ಲೆಕ್ಕ ನೋಡಿ. ಇಂಗ್ಲಿಷಿನ ಹಾಗೆಯೇ ಕನ್ನಡ ಪುಸ್ತಕದಲ್ಲೂ 1ನೇ ಪುಟ ಬಲಗಡೆ ಒಂಟಿಯಾಗಿ ಬರುತ್ತದೆ. ಆಮೇಲೆ 2 ಮತ್ತು 3 ಜೋಡಿ, 4 ಮತ್ತು 5 ಜೋಡಿ. ಕಥೆ ಬಲ ಪುಟದಲ್ಲಿ ಶುರುವಾದರೆ ಮೊದಲ ಆರು ಪುಟದೊಳಗೆ ಓದುಗರು ಮೂರು ಸಲ ಹಾಳೆ ಮಗುಚುತ್ತಾರೆ. ಮೂರು ಸಲವೂ ಅವರ ಕೈಗೆ ಒಂದು ಕಾರಣ ಬೇಕು. ಅದರಲ್ಲೂ ಮೊದಲನೆಯದು ಒಂದೇ ಪುಟ ಓದಿದ ಮೇಲೆ ಬರುತ್ತದೆ. ಆದ್ದರಿಂದ ಆ ಒಂಟಿ ಪುಟದ ಕೊನೆಯ ಚೌಕಕ್ಕೆ ಅನುಭವಿ ಕಲಾವಿದರು ಎಷ್ಟೋ ಹೊತ್ತು ತಲೆ ಕೆಡಿಸಿಕೊಳ್ಳುತ್ತಾರೆ.

ಜಪಾನಿನ ಕಾಮಿಕ್ಸ್, ಅಂದರೆ ಮಾಂಗಾ, ಬಲದಿಂದ ಎಡಕ್ಕೆ ಓದುವಂಥದ್ದು. ಅಲ್ಲಿ ಇದೆಲ್ಲ ತಿರುಗುಮುರುಗು, ಪ್ರಶ್ನೆ ಎಡ ಪುಟದ ಕೊನೆಯಲ್ಲಿ ಕೂರುತ್ತದೆ.

ಇನ್ನೊಂದು ಜಾಗವೂ ಇದೆ. ಎರಡು ಚೌಕಗಳ ನಡುವಿನ ಬಿಳಿ ಪಟ್ಟಿ. ಕಾಮಿಕ್ಸ್‌ನವರು ಅದನ್ನು ಗಟರ್ ಅನ್ನುತ್ತಾರೆ. ಒಂದು ಚೌಕದಲ್ಲಿ ಕೈ ಮೇಜಿನ ಮೇಲಿದೆ, ಮುಂದಿನದರಲ್ಲಿ ಕೈ ಜೇಬಿನಲ್ಲಿದೆ. ನಡುವೆ ಏನಾಯಿತು? ಮುಟ್ಟಲು ಹೋಗಿ ಹೆದರಿದ. ಅದನ್ನು ಯಾರೂ ಬರೆದಿಲ್ಲ, ನಾವೇ ತುಂಬಿಕೊಂಡೆವು. ಕಾಮಿಕ್ಸ್ ಕಲಾವಿದ ಸ್ಕಾಟ್ ಮೆಕ್‌ಕ್ಲೌಡ್ 1993ರಲ್ಲಿ ಬರೆದ ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್’ ಈ ತುಂಬಿಕೊಳ್ಳುವ ಕೆಲಸವನ್ನು ವಿವರವಾಗಿ ಬಿಡಿಸಿ ತೋರಿಸುತ್ತದೆ. ಹದಿಹರೆಯದ ಪ್ರೇಮಕಥೆಗೆ ಇದಕ್ಕಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ. ಆ ವಯಸ್ಸಿನ ಪ್ರೀತಿಯ ಮುಕ್ಕಾಲು ಭಾಗ ಹೇಳದೆ ಉಳಿದ ಮಾತಿನಲ್ಲೇ ಇರುತ್ತದೆ.

ಇಬ್ಬರೂ ಮೊದಲ ಪುಟದಲ್ಲೇ ಭೇಟಿಯಾಗಬೇಕಾ?

ಬೇಕಾಗಿಲ್ಲ. ಬೇರೆ ಬೇರೆ ದಾರಿಗಳಿವೆ.

ಕರುಹೊ ಶೀನಾ ಅವರ ಜಪಾನಿ ಮಾಂಗಾ ‘ಕಿಮಿ ನಿ ತೊಡೊಕೆ’ ನೋಡಿ. ನಾಯಕಿ ಸವಾಕೊಗೆ ಉದ್ದನೆಯ ಕಪ್ಪು ಕೂದಲು, ಬಿಳುಚಿದ ಮುಖ. ದೆವ್ವದ ಸಿನಿಮಾದ ಸದಾಕೊ ಅನ್ನುವ ಪಾತ್ರದ ಹೆಸರಿಟ್ಟು ಶಾಲೆಯವರೆಲ್ಲ ಅವಳನ್ನು ಕರೆಯುತ್ತಾರೆ. ಅವಳ ಕಣ್ಣಿಗೆ ಕಣ್ಣು ಕೊಟ್ಟರೆ ಕೆಟ್ಟದಾಗುತ್ತದೆ ಅಂತ ಪುಕಾರು. ಅವಳಾದರೋ ಎಲ್ಲರಿಗೂ ಏನಾದರೂ ಒಳ್ಳೆಯದು ಮಾಡಬೇಕು ಅಂತ ಒದ್ದಾಡುವ ಹುಡುಗಿ. ಹೊರಗಿನವರ ಕಣ್ಣಿಗೆ ಕಾಣುವ ಸವಾಕೊ ಮತ್ತು ನಮಗೆ ಕಾಣುವ ಸವಾಕೊ ಬೇರೆ ಬೇರೆ. ಆ ಅಂತರವನ್ನು ದಾಟಿ ಅವಳನ್ನು ಅವಳ ಹೆಸರಿನಿಂದಲೇ ಕರೆಯುವವನು ಕಜೆಹಾಯಾ. ಅಲ್ಲಿಗೆ ನಮ್ಮ ಕಥೆ ಮುಗಿಯಿತು, ಮೂವತ್ತು ಸಂಪುಟವನ್ನೂ ಓದುತ್ತೇವೆ.

ಇದಕ್ಕೆ ತದ್ವಿರುದ್ಧ ಮರಿಕೊ ತಮಾಕಿ ಬರೆದು ರೋಸ್‌ಮೇರಿ ವಲೇರೊ-ಓಕಾನೆಲ್ ಚಿತ್ರ ಬಿಡಿಸಿದ ‘ಲಾರಾ ಡೀನ್ ಕೀಪ್ಸ್ ಬ್ರೇಕಿಂಗ್ ಅಪ್ ವಿತ್ ಮಿ’ (2019). ಇಲ್ಲಿ ಭೇಟಿ, ಪ್ರೀತಿ ಎಲ್ಲಾ ಕಥೆಗೆ ಮೊದಲೇ ಆಗಿಹೋಗಿದೆ. ಕ್ಯಾಲಿಫೋರ್ನಿಯಾದ ಬರ್ಕ್‌ಲಿಯ ಫ್ರೆಡ್ಡಿಯನ್ನು ಅವಳ ಗೆಳತಿ ಲಾರಾ ಪದೇ ಪದೇ ಬಿಟ್ಟುಹೋಗುತ್ತಾಳೆ, ಪದೇ ಪದೇ ವಾಪಸ್ ಬರುತ್ತಾಳೆ. ಪುಸ್ತಕದ ಹೆಸರೇ ಅದನ್ನು ಹೇಳಿಬಿಡುತ್ತದೆ. ಫ್ರೆಡ್ಡಿ ಸಲಹೆ ಕೇಳಿ ಪತ್ರಿಕೆಯ ಅಂಕಣಗಾರ್ತಿಗೆ ಇಮೇಲ್ ಬರೆಯುತ್ತಾಳೆ. ನಮ್ಮಲ್ಲಿ ಪ್ರಶ್ನೋತ್ತರ ಅಂಕಣಕ್ಕೆ ಹೆಸರು ಮರೆಮಾಚಿ ಪತ್ರ ಬರೆಯುವುದಿಲ್ಲವೇ, ಹಾಗೆ. ‘ಒಂದಾಗುತ್ತಾರಾ?’ ಅಂತ ಇಲ್ಲಿ ಯಾರೂ ಕೇಳುವುದಿಲ್ಲ. ‘ಈ ಹುಡುಗಿ ಯಾವಾಗ ಬಿಡಿಸಿಕೊಂಡು ಬರುತ್ತಾಳೆ?’ ಅಂತ ಚಡಪಡಿಸುತ್ತೇವೆ. ಮೂರೂ ಪುಸ್ತಕಗಳಲ್ಲಿ ಕಥೆ ಬೇರೆ, ದೇಶ ಬೇರೆ. ಆದರೆ ಜೋಡಿಗಿಂತ ಮೊದಲು ಒಬ್ಬರನ್ನು ನಮ್ಮ ಕೈಗೆ ಒಪ್ಪಿಸುವ ಕ್ರಮ ಒಂದೇ.

ಮುಖಗಳನ್ನು ಅಷ್ಟು ಸರಳವಾಗಿ ಯಾಕೆ ಬಿಡಿಸುತ್ತಾರೆ?

ವಿವರ ಜಾಸ್ತಿ ಇದ್ದರೆ ಅದು ಯಾರದೋ ಮುಖ. ಕಡಿಮೆ ಇದ್ದರೆ ನಮ್ಮನ್ನೇ ಅಲ್ಲಿ ಕೂರಿಸಿಕೊಳ್ಳಬಹುದು. ಇದೂ ಮೆಕ್‌ಕ್ಲೌಡ್ ಎತ್ತಿ ಹೇಳಿದ ವಿಚಾರವೇ. ‘ಹಾರ್ಟ್‌ಸ್ಟಾಪರ್’ನ ಮುಖಗಳಲ್ಲಿ ಗೆರೆಗಳು ಕೆಲವೇ ಕೆಲವು. ನಾಚಿಕೆ ಅಂದರೆ ಕೆನ್ನೆಯ ಮೇಲೆ ಎರಡು ಮೂರು ಓರೆ ಗೀಟು. ಅಷ್ಟು ಕಡಿಮೆ ಇರುವುದರಿಂದಲೇ ಹುಬ್ಬು ಒಂದು ಕೂದಲೆಳೆ ಮೇಲೆ ಹೋದರೂ ಕಾಣುತ್ತದೆ.

ಬಣ್ಣ ಇರಲೇಬೇಕಾ?

ಇಲ್ಲ. ಲಾರಾ ಡೀನ್ ಪುಸ್ತಕದಲ್ಲಿ ಕಪ್ಪು, ಬೂದು, ಬಿಳಿಯ ಜೊತೆ ಗುಲಾಬಿ ಒಂದೇ. ಎಲ್ಲಿ ಗುಲಾಬಿ ಬಿತ್ತೋ ಕಣ್ಣು ಅಲ್ಲಿಗೆ ಹೋಗುತ್ತದೆ. ಮಾಂಗಾ ಹೆಚ್ಚಾಗಿ ಕಪ್ಪು ಬಿಳುಪೇ.

‘ನನ್ನ ಹೆಸರು ಇಂಥದ್ದು, ವಯಸ್ಸು ಹದಿನಾರು’ ಅಂತ ಶುರು ಮಾಡಿದರೆ ತಪ್ಪಾ?

ತಪ್ಪೇನಿಲ್ಲ, ಆದರೆ ಅದು ಹಾಜರಿ ಪುಸ್ತಕದಲ್ಲಿ ಸಿಗುವ ಮಾಹಿತಿ. ಮೊದಲ ಪುಟದ ಜಾಗ ಅದಕ್ಕಿಂತ ಬೆಲೆಬಾಳುತ್ತದೆ. ಹೆಸರನ್ನು ಯಾರಾದರೂ ಕೂಗಲಿ. ವಯಸ್ಸನ್ನು ಯೂನಿಫಾರ್ಮ್ ಹೇಳಲಿ. ಕನ್ನಡಿಯ ಮುಂದೆ ನಿಂತು ತನ್ನನ್ನು ತಾನೇ ವರ್ಣಿಸಿಕೊಳ್ಳುವುದು, ಅಲಾರಂ ಹೊಡೆದು ಹಾಸಿಗೆಯಿಂದ ಏಳುವುದು, ಇವೆರಡನ್ನೂ ಎಷ್ಟು ಜನ ಬಳಸಿದ್ದಾರೆ ಅಂದರೆ ಓದುಗರ ಕಣ್ಣು ಅಲ್ಲಿ ನಿಲ್ಲುವುದೇ ಇಲ್ಲ. ಹೊಸಬರ ಮೊದಲ ಕರಡಿನಲ್ಲಿ ನಾನು ಹೆಚ್ಚು ನೋಡುವುದೂ ಇವನ್ನೇ. ಒಳ್ಳೆಯ ಕಥೆ ನಾಲ್ಕನೇ ಪುಟದಲ್ಲಿ ಕೂತು ಕಾಯುತ್ತಿರುತ್ತದೆ, ಅಲ್ಲಿಗೆ ತಲುಪುವಷ್ಟರಲ್ಲಿ ಓದುಗರು ಎದ್ದು ಹೋಗಿರುತ್ತಾರೆ.

ಹಳೆಯ ಪ್ರೇಮ ಕಾಮಿಕ್ಸ್‌ಗಳೂ ಹೀಗೇ ಶುರುವಾಗುತ್ತಿದ್ದವಾ?

ಅಮೆರಿಕದಲ್ಲಿ ಇದರ ಚರಿತ್ರೆ ಶುರುವಾಗುವುದು 1947ರ ‘ಯಂಗ್ ರೊಮಾನ್ಸ್’ ಪತ್ರಿಕೆಯಿಂದ. ಮಾಡಿದವರು ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ, ಕ್ಯಾಪ್ಟನ್ ಅಮೆರಿಕಾ ಪಾತ್ರವನ್ನು ಹುಟ್ಟಿಸಿದ ಅದೇ ಜೋಡಿ. ಅವರ ದಾರಿ ತಪ್ಪೊಪ್ಪಿಗೆಯದ್ದು. ಶುರುವಿನಲ್ಲೇ ದೊಡ್ಡ ಚಿತ್ರ, ಅದರಲ್ಲಿ ಹುಡುಗಿಯೊಬ್ಬಳು ‘ನಾನು ಇಂಥ ಕೆಲಸ ಮಾಡಿಬಿಟ್ಟೆ’ ಅಂತ ನಮ್ಮ ಹತ್ತಿರ ನೇರವಾಗಿ ಹೇಳಿಕೊಳ್ಳುತ್ತಾಳೆ. ಗುಟ್ಟು ಕೇಳಿಸಿಕೊಂಡವರು ಎದ್ದು ಹೋಗುವ ಹಾಗಿಲ್ಲ! 1954ರಲ್ಲಿ ಕಾಮಿಕ್ಸ್ ಉದ್ಯಮ ತನಗೆ ತಾನೇ ಕಟ್ಟುಪಾಡು ಹಾಕಿಕೊಂಡ ಮೇಲೆ ಈ ಕಥೆಗಳ ಖಾರ ಕಡಿಮೆಯಾಯಿತು. ಚಾರ್ಲಿ ಮತ್ತು ಬೆನ್ ಕಥೆಯಲ್ಲೂ ಗುಟ್ಟೇ ಇದೆ, ಆದರೆ ಅದನ್ನು ಯಾರೂ ನಮಗೆ ಹೇಳುವುದಿಲ್ಲ. ನಾವೇ ನೋಡಿಬಿಡುತ್ತೇವೆ.

ಫೋನಿನಲ್ಲಿ ಓದುವ ವೆಬ್‌ಟೂನ್‌ಗೆ ಪುಟವೇ ಇಲ್ಲವಲ್ಲ?

ಕೊರಿಯಾದಿಂದ ಬಂದ ಈ ಬಗೆಯಲ್ಲಿ ಚಿತ್ರಗಳು ಮೇಲಿನಿಂದ ಕೆಳಗೆ ಒಂದೇ ಪಟ್ಟಿಯಾಗಿ ಬರುತ್ತವೆ. ಹಾಳೆ ಮಗುಚುವ ಕೆಲಸವನ್ನು ಖಾಲಿ ಜಾಗ ಮಾಡುತ್ತದೆ. ‘ನಿನ್ನ ಹತ್ತಿರ ಒಂದು ಮಾತು ಹೇಳಬೇಕು’ ಅನ್ನುವ ಮಾತಿನ ಬಲೂನು (ಪಾತ್ರದ ಮಾತು ಬರೆಯುವ ಗುಳ್ಳೆ), ಅದರ ಕೆಳಗೆ ಒಂದು ಪರದೆಯಷ್ಟು ಬರೀ ಬಿಳಿ. ಹೆಬ್ಬೆರಳು ಎಳೆಯುತ್ತಾ ಹೋಗುತ್ತದೆ, ಎದೆ ಡವಡವ ಅನ್ನುತ್ತದೆ. ಉತ್ತರ ಇನ್ನೂ ಬಂದಿಲ್ಲ. ಕಾಯುವ ಹೊತ್ತನ್ನು ಹೀಗೆ ಉದ್ದಕ್ಕೆ ಎಳೆಯುವುದು ಅಚ್ಚಿನ ಪುಟದಲ್ಲಿ ಕಷ್ಟ. ಆದರೆ ಅಚ್ಚಿನ ಪುಸ್ತಕದ ಹಾಗೆ ಎರಡು ಪುಟ ಬಿಡಿಸಿ ಒಂದು ದೊಡ್ಡ ಅಂಗಳ ತೋರಿಸುವುದು ಇಲ್ಲಿ ಆಗುವುದಿಲ್ಲ.

ಕನ್ನಡದಲ್ಲಿ ಒಂದು ಶುರು ಹೇಗಿರಬಹುದು? ಬರೆದು ತೋರಿಸಿ.

ಚಿತ್ರಕಥೆ ನಮಗೇನೂ ಹೊಸದಲ್ಲ. ‘ಅಮರ ಚಿತ್ರ ಕಥೆ’ ಕಟ್ಟಿದ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು. ಹದಿಹರೆಯದ ಪ್ರೀತಿಗೆ ಬೇಕಾದ ಜಾಗಗಳೂ ನಮ್ಮಲ್ಲಿ ಬೇಕಾದಷ್ಟಿವೆ. ಒಂದು ಶುರುವನ್ನು ಕಲ್ಪಿಸಿಕೊಳ್ಳೋಣ. ಜೂನ್ ಕೊನೆ, ಸಾಗರದ ಒಂದು ಪಿಯು ಕಾಲೇಜು, ಜಡಿಮಳೆ.

ಪುಟ 1, ಬಲಗಡೆ. ಮಾತಿಲ್ಲ. ಬಸ್ಸಿನ ತುಂಬ ಕಾಲೇಜು ಹುಡುಗಿಯರು, ಮೂರು ಮೂರು ಜನ ಒತ್ತಿಕೊಂಡು ಕೂತು ನಗುತ್ತಿದ್ದಾರೆ. ಕಿಟಕಿ ಪಕ್ಕ ಒಬ್ಬಳು, ಅವಳ ಪಕ್ಕದ ಸೀಟು ಖಾಲಿ. ಕೊನೆಯ ಚೌಕದಲ್ಲಿ ಬಸ್ಸು ಕೆಸರಿನಲ್ಲಿ ಕೆಟ್ಟು ನಿಂತಿದೆ, ಅವಳು ವಾಚು ನೋಡುತ್ತಾಳೆ.

ಪುಟ 2, ಎಡಗಡೆ. ಉಳಿದವರು ಬಸ್ಸಿನಲ್ಲೇ ಹರಟೆ ಹೊಡೆಯುತ್ತಿದ್ದಾರೆ. ಇವಳೊಬ್ಬಳೇ ಇಳಿದು ಓಡುತ್ತಿದ್ದಾಳೆ. ಕಾಲೇಜಿನ ಉದ್ದನೆಯ ಕಾರಿಡಾರು, ಒದ್ದೆ ಚಪ್ಪಲಿಯ ಗುರುತು. ಕ್ಲಾಸಿನ ಒಳಗಿನಿಂದ ಬಲೂನುಗಳು ಮಾತ್ರ ಬರುತ್ತಿವೆ. ‘ನಲವತ್ತೈದು.’ ‘ಪ್ರೆಸೆಂಟ್ ಸರ್.’ ‘ನಲವತ್ತಾರು.’ ‘ಪ್ರೆಸೆಂಟ್.’

ಪುಟ 3, ಬಲಗಡೆ. ಅವಳು ಹಿಂದಿನ ಬಾಗಿಲಿಗೆ ಬಂದು ನಿಂತಳು. ಏದುಸಿರು. ಲೆಕ್ಚರರ್ ರಿಜಿಸ್ಟರಿನಿಂದ ತಲೆ ಎತ್ತುವುದಿಲ್ಲ. ‘ನಲವತ್ತೇಳು.’ ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಕ್ಲಾಸಿನ ಮಧ್ಯದಿಂದ, ಯಾರೋ ಬೇಕೆಂದೇ ಸಣ್ಣಗೆ ಮಾಡಿಕೊಂಡ ದನಿಯಲ್ಲಿ, ‘ಪ್ರೆಸೆಂಟ್ ಸರ್!’ ಕೊನೆಯ ಚೌಕ ಅವಳ ಮುಖ. ಬಾಯಿ ಇನ್ನೂ ತೆರೆದೇ ಇದೆ.

ಹಾಳೆ ಮಗುಚಿ. ಪುಟ 4, ಒಂದೇ ದೊಡ್ಡ ಚಿತ್ರ. ಹಿಂದಿನಿಂದ ಕಾಣುವ ಅರವತ್ತು ತಲೆಗಳು. ಒಂದು ತಲೆ ಮಾತ್ರ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಬಗ್ಗಿದೆ.

ಪ್ರಾಕ್ಸಿ ಹೊಡೆಯುವುದು ಎಲ್ಲಾ ಕಾಲೇಜಿನಲ್ಲೂ ಇದ್ದದ್ದೇ. ಆದರೆ ಪ್ರಾಕ್ಸಿ ಹೊಡೆಯುವುದು ಗೆಳೆಯರಿಗೆ. ಈ ಹುಡುಗಿಗೆ ಗೆಳೆಯರೇ ಇಲ್ಲ ಅಂತ ನಾವು ಮೊದಲ ಪುಟದಲ್ಲೇ ನೋಡಿದ್ದೇವೆ. ಹಾಗಾದರೆ ಅವಳ ನಂಬರು ನೆನಪಿಟ್ಟುಕೊಂಡವರು ಯಾರು? ಅವಳು ಬಂದಿಲ್ಲ ಅಂತ ಗಮನಿಸಿದವರು ಯಾರು? ಪ್ರೀತಿ ಅನ್ನುವ ಪದ ಇನ್ನೂ ಬಂದಿಲ್ಲ. ಇನ್ನೊಬ್ಬರ ಮುಖ ಕೂಡ ಕಂಡಿಲ್ಲ. ಬಸ್ಸಿನ ಆ ಖಾಲಿ ಸೀಟನ್ನು ತೆಗೆದುಹಾಕಿ ಓದಿ ನೋಡಿ, ಇದೇ ಘಟನೆ ಬರೀ ತಮಾಷೆಯಾಗಿಬಿಡುತ್ತದೆ.

ಮಗಳು ಇಂಥ ಪುಸ್ತಕ ಓದುತ್ತಿದ್ದಾಳೆ. ಶುರುವಿನ ಪುಟ ನೋಡಿ ಸರಿಯಿದೆ ಅಂತ ನಿರ್ಧರಿಸಬಹುದಾ?

ಬರೀ ಶುರು ನೋಡಿದರೆ ಸಾಲದು. ‘ಹಾರ್ಟ್‌ಸ್ಟಾಪರ್’ ಮೃದುವಾಗಿ ಶುರುವಾಗುತ್ತದೆ, ಆದರೆ ಮೊದಲ ಸಂಪುಟದಲ್ಲೇ ಕಾಟ ಕೊಡುವ ಹುಡುಗರಿದ್ದಾರೆ, ಒಪ್ಪಿಗೆಯಿಲ್ಲದೆ ಮುತ್ತಿಡಲು ಬರುವ ದೃಶ್ಯವಿದೆ. ಮುಂದಿನ ಸಂಪುಟಗಳಲ್ಲಿ ಊಟ ಬಿಡುವ ಕಾಯಿಲೆ, ತನಗೆ ತಾನೇ ಗಾಯ ಮಾಡಿಕೊಳ್ಳುವ ವಿಷಯ ಬರುತ್ತದೆ. ಇವನ್ನೆಲ್ಲ ತುಂಬಾ ಜವಾಬ್ದಾರಿಯಿಂದ ಬರೆದಿದ್ದಾರೆ. ಮಗಳ ಕೈಯಿಂದ ಕಿತ್ತುಕೊಳ್ಳುವ ಬದಲು ನೀವೂ ಓದಿ. ಒಂದು ಸಂಜೆ ಸಾಕು. ಆಮೇಲೆ ‘ಬೆನ್ ಮಾಡಿದ್ದು ಸರಿನಾ?’ ಅಂತ ಕೇಳಿ, ಅವಳೇ ಮಾತಾಡುತ್ತಾಳೆ.

ನಾನು ಬಿಡಿಸಿದ ಮೊದಲ ಪುಟಗಳು ಕೆಲಸ ಮಾಡುತ್ತಿವೆಯಾ ಅಂತ ತಿಳಿಯುವುದು ಹೇಗೆ?

ಪೆನ್ಸಿಲ್ ಕರಡಿನಲ್ಲೇ ನೋಡಿ. ಇಂಕು ಹಾಕಿದ ಮೇಲೆ ಬದಲಿಸಲು ಮನಸ್ಸು ಬರುವುದಿಲ್ಲ. ಎ4 ಹಾಳೆಗಳನ್ನು ಅರ್ಧಕ್ಕೆ ಮಡಚಿ, ಪುಸ್ತಕದ ಹಾಗೆ ಪಿನ್ ಹೊಡೆದು, ಎಡ ಬಲ ಸರಿಯಾಗಿ ಬರುವಂತೆ ಬಿಡಿಸಿ. ಬಿಡಿ ಹಾಳೆಯಲ್ಲಿ ನೋಡಿದರೆ ಮಗುಚುವ ಜಾಗ ಗೊತ್ತಾಗುವುದಿಲ್ಲ. ಮೊದಲು ಮಾತಿನ ಬಲೂನುಗಳನ್ನೆಲ್ಲ ಮುಚ್ಚಿ, ಯಾರ ಮೇಲೆ ಅಕ್ಕರೆ ಬರಬೇಕು ಅನ್ನುವುದು ಬರೀ ಚಿತ್ರದಿಂದ ತಿಳಿಯುತ್ತದಾ ನೋಡಿ. ಆಮೇಲೆ ನಿಮ್ಮನ್ನು ಹೊಗಳದ ಒಬ್ಬರಿಗೆ ಓದಲು ಕೊಡಿ. ತಮ್ಮ ತಂಗಿಯರು ಇದಕ್ಕೆ ಒಳ್ಳೆಯವರು. ಹೇಗಿದೆ ಅಂತ ಕೇಳಬೇಡಿ, ಚೆನ್ನಾಗಿದೆ ಅಂದುಬಿಡುತ್ತಾರೆ. 3ನೇ ಪುಟದ ಕೊನೆಗೆ ಬಂದಾಗ ಪುಸ್ತಕವನ್ನು ಅವರ ಕೈಯಿಂದ ತೆಗೆದುಕೊಳ್ಳಿ. ‘ಏಯ್ ಕೊಡು, ಆಮೇಲೇನಾಯ್ತು?’ ಅಂದರೆ ಇಂಕು ಹಾಕಲು ಕೂರಬಹುದು. ಸುಮ್ನೆ ಬಿಟ್ಟುಕೊಟ್ಟರೆ ಕೊನೆಯ ಚೌಕಕ್ಕೆ ಹೋಗುವ ಮುಂಚೆ 1ನೇ ಪುಟಕ್ಕೆ ವಾಪಸ್ ಹೋಗಿ. ಹೆಚ್ಚಿನ ಸಲ ತೊಡಕು ಅಲ್ಲೇ ಇರುತ್ತದೆ.